ಬಿಗ್ ಚೀಸ್: ಬೆಣ್ಣೆಯೂ ಅಲ್ಲ, ಗಿಣ್ಣೂ ಅಲ್ಲ

ಪ್ರಶ್ನೆ: ಬೆಂಗಳೂರಿನ ಒಂದು ಅಮೆರಿಕನ್ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಊರು ಶಿವಮೊಗ್ಗದ ಕಡೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಲ್ಲಿಯ ಮ್ಯಾನೇಜರ್, ‘ಗುರುವಾರದ ಮೀಟಿಂಗಿಗೆ ಬಿಗ್ ಚೀಸ್ ಬರುತ್ತೆ, ಎಲ್ಲರೂ ತಯಾರಾಗಿರಿ’ ಎಂದರು. ನಮ್ಮಲ್ಲಿ ಅರ್ಧ ಜನ ಪಿಜ್ಜಾ ಪಾರ್ಟಿ ಇರಬೇಕು ಅಂದುಕೊಂಡೆವು. ಬರುವುದು ಕಂಪನಿಯ ಮುಖ್ಯಸ್ಥರು ಅಂತ ಆಮೇಲೆ ತಿಳಿಯಿತು. ಅಮೆರಿಕದ ಅಧ್ಯಕ್ಷರೊಬ್ಬರಿಗೆ ಊರಿನ ಜನ ದೈತ್ಯ ಗಾತ್ರದ ಚೀಸ್ ಕೊಟ್ಟಿದ್ದರಂತೆ, ಮಾತು ಅಲ್ಲಿಂದ ಬಂತು ಅಂತ ಒಬ್ಬ ಸಹೋದ್ಯೋಗಿ ವಾಟ್ಸ್‌ಆ್ಯಪ್ ಸಂದೇಶ ತೋರಿಸಿದರು. ಇನ್ನೊಬ್ಬರು ‘ಅದು ನಮ್ಮ ಹಿಂದಿ ಚೀಜ್ ರೀ’ ಎನ್ನುತ್ತಾರೆ. ಯಾರ ಮಾತು ಸರಿ? ಕನ್ನಡದಲ್ಲಿ ಇದಕ್ಕೆ ಏನನ್ನಬಹುದು?

ಉತ್ತರ: ಎರಡನೆಯವರದೇ ಸರಿ ಇರುವ ಸಾಧ್ಯತೆ ಹೆಚ್ಚು. ಮೊದಲನೆಯವರು ಹೇಳಿದ್ದೂ ಸುಳ್ಳಲ್ಲ. ಅಂಥ ಚೀಸ್ ಇದ್ದದ್ದು ನಿಜ, ಕೊಟ್ಟದ್ದೂ ನಿಜ. ಆ ಚೀಸಿಗೂ ನಿಮ್ಮ ಗುರುವಾರದ ಚೀಸಿಗೂ ಸಂಬಂಧ ಇಲ್ಲ, ಅಷ್ಟೆ.

ಪಿಜ್ಜಾ ಅಂದುಕೊಂಡದ್ದಕ್ಕೆ ನಾಚಿಕೊಳ್ಳಬೇಡಿ. ಹಲವು ವರ್ಷಗಳ ಹಿಂದೆ ಒಂದು ಪತ್ತೇದಾರಿ ಕಥೆಯ ಕನ್ನಡ ಅನುವಾದದ ಕರಡು ನನ್ನ ಮೇಜಿಗೆ ಬಂದಿತ್ತು. ಅದರಲ್ಲಿ ಒಂದು ವಾಕ್ಯ: ‘ಆತ ಆ ಬ್ಯಾಂಕಿನ ದೊಡ್ಡ ಗಿಣ್ಣು.’ ನಾನು ಮೊದಲ ಓದಿನಲ್ಲಿ ಅದನ್ನು ದಾಟಿಕೊಂಡೇ ಹೋಗಿದ್ದೆ. ಯಾವುದೋ ಊರಿನ ಆಡುಮಾತು ಇರಬೇಕು ಅಂದುಕೊಂಡಿದ್ದೆ. ಎರಡನೇ ಓದಿನಲ್ಲಿ ಹೊಳೆಯಿತು. ಪಾಪ, ಅನುವಾದಕ ನಿಘಂಟು ತೆಗೆದು ಚೀಸ್ ಎಂಬಲ್ಲಿ ಗಿಣ್ಣು ಎಂದು ಕಂಡು ಹಾಗೇ ಇಳಿಸಿದ್ದ. ಗಿಣ್ಣು ಅಂದರೆ ನಮಗೆ ಹಸು ಕರು ಹಾಕಿದ ಮೊದಲೆರಡು ದಿನದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ, ನಡುಗುವಂತೆ ಗಟ್ಟಿಯಾದದ್ದನ್ನು ಕೊಯ್ದು ತಿನ್ನುವುದು. ಬ್ಯಾಂಕಿನ ಅಧಿಕಾರಿಗೆ ಅದನ್ನು ಹೋಲಿಸಿದರೆ ಸಿಟ್ಟು ಬರುವುದು ಗಿಣ್ಣಿಗೆ.

ಮೊದಲು ಅರ್ಥ ಸ್ಪಷ್ಟವಾಗಲಿ. ಒಂದು ಸಂಸ್ಥೆ, ಊರು ಅಥವಾ ಗುಂಪಿನಲ್ಲಿ ಯಾರ ಮಾತು ನಡೆಯುತ್ತದೋ ಅವರು ಬಿಗ್ ಚೀಸ್. ಆದರೆ ಇದು ಗೌರವದ ಮಾತಲ್ಲ, ಬೈಗುಳವೂ ಅಲ್ಲ. ಮೀಸೆಯಡಿಯ ನಗುವೊಂದು ಅದರಲ್ಲಿದೆ. ಆ ಮನುಷ್ಯನ ಅಧಿಕಾರವನ್ನು ಒಪ್ಪಿಕೊಳ್ಳುತ್ತಲೇ ಅವನ ಠೀವಿಯನ್ನು ಸ್ವಲ್ಪ ಗೇಲಿ ಮಾಡುವ ಧಾಟಿ. ಆದ್ದರಿಂದ ಇದನ್ನು ಬೆನ್ನ ಹಿಂದೆ ಆಡುತ್ತಾರೆ, ಎದುರಿಗೆ ಆಡುವುದಿಲ್ಲ. ಇಂದಿನ ಇಂಗ್ಲಿಷ್ ಕಿವಿಗೆ ಒಂದಿಷ್ಟು ಹಳೆಯದೂ ಅನ್ನಿಸುತ್ತದೆ. ನಿಮ್ಮ ಮ್ಯಾನೇಜರ್ ಐವತ್ತು ದಾಟಿದವರು ಎಂದು ಊಹಿಸಬಲ್ಲೆ.

ಇನ್ನು ಆ ವಾಟ್ಸ್‌ಆ್ಯಪ್ ಚೀಸ್. ಕಥೆ ಸೊಗಸಾಗಿದೆ, ಬಿಟ್ಟುಬಿಡಲು ಮನಸ್ಸಾಗದು. ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮಕ್ಕೆ ಚೆಷೈರ್ ಎಂಬ ಹಳ್ಳಿ. ಅಲ್ಲಿದ್ದವರು ಬ್ಯಾಪ್ಟಿಸ್ಟ್ ಪಂಥದ ರೈತರು. ರಾಜ್ಯ ಸರ್ಕಾರದ ಬೆಂಬಲ ಇನ್ನೊಂದು ಪಂಥದ ಚರ್ಚಿಗಿತ್ತು. ಹಾಗಾಗಿ ಧರ್ಮದ ವಿಷಯದಲ್ಲಿ ಸರ್ಕಾರ ಕೈಹಾಕಬಾರದು ಎನ್ನುತ್ತಿದ್ದ ಥಾಮಸ್ ಜೆಫರ್ಸನ್ ಅಧ್ಯಕ್ಷನಾದಾಗ ಇವರಿಗೆ ಹಬ್ಬ. ಅವರ ಬೋಧಕ ಜಾನ್ ಲೆಲ್ಯಾಂಡ್ ಒಂದು ಉಪಾಯ ಹೇಳಿದ. 1801ರ ಬೇಸಿಗೆಯಲ್ಲಿ ಊರಿನ ಹಸುಗಳ ಹಾಲೆಲ್ಲ ಒಂದೆಡೆ ಸೇರಿಸಿ ಒಂದೇ ಒಂದು ಚೀಸ್ ಮಾಡಿದರು. ಅಷ್ಟು ದೊಡ್ಡದನ್ನು ಒತ್ತಲು ಚೀಸ್ ಮಾಡುವ ಒತ್ತುಮಣೆ ಸಾಲದೆ, ಸೇಬಿನ ರಸ ಹಿಂಡುವ ಯಂತ್ರಕ್ಕೆ ಹಾಕಿ ಒತ್ತಬೇಕಾಯಿತು. ತೂಕ 1,235 ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ 560 ಕಿಲೋ. ಐವತ್ತು ಕಿಲೋದ ಅಕ್ಕಿ ಮೂಟೆ ಹನ್ನೊಂದು ಒಟ್ಟಿದರೆ ಎಷ್ಟೋ ಅಷ್ಟು.

ಅದು ವಾಷಿಂಗ್ಟನ್ ತಲುಪಿ ಅಧ್ಯಕ್ಷನ ಕೈಸೇರಿದ್ದು 1802ರ ಜನವರಿ 1ರಂದು. ಉಡುಗೊರೆ ಪಡೆಯುವುದು ಜೆಫರ್ಸನ್ನನಿಗೆ ಒಗ್ಗುತ್ತಿರಲಿಲ್ಲ. 200 ಡಾಲರ್ ಕೊಟ್ಟ. ಅದೇ ದಿನಾಂಕದಲ್ಲಿ ಅವನು ಡ್ಯಾನ್‌ಬರಿ ಎಂಬ ಊರಿನ ಬ್ಯಾಪ್ಟಿಸ್ಟರಿಗೆ ಬರೆದ ಕಾಗದದಲ್ಲೇ ‘ಚರ್ಚು ಮತ್ತು ಸರ್ಕಾರದ ನಡುವಿನ ಗೋಡೆ’ ಎಂಬ, ಅಮೆರಿಕದ ನ್ಯಾಯಾಲಯಗಳು ಇಂದಿಗೂ ಎತ್ತಿಕೊಳ್ಳುವ ಮಾತಿದೆ. ಒಂದು ಕೋಣೆಯಲ್ಲಿ ಚೀಸು, ಇನ್ನೊಂದರಲ್ಲಿ ಸಂವಿಧಾನ. ಆಮೇಲೆ ಆಂಡ್ರೂ ಜಾಕ್ಸನ್ ಅಧ್ಯಕ್ಷನಾಗಿದ್ದಾಗ ನ್ಯೂಯಾರ್ಕ್ ರಾಜ್ಯದ ರೈತನೊಬ್ಬ ಸುಮ್ಮನಿರದೆ 1,400 ಪೌಂಡಿನದೊಂದನ್ನು ಕಳಿಸಿದ. 1837ರ ಫೆಬ್ರವರಿ 22ರಂದು ಶ್ವೇತಭವನದ ಬಾಗಿಲು ತೆರೆದು ಜನರನ್ನು ಒಳಗೆ ಬಿಟ್ಟರು. ಎರಡು ಗಂಟೆಯಲ್ಲಿ ಚೀಸ್ ಖಾಲಿ. ರತ್ನಗಂಬಳಿಗೆ ಮೆತ್ತಿದ್ದು ಮತ್ತು ವಾಸನೆ ಮಾತ್ರ ಉಳಿದವು.

ಇಷ್ಟು ಚೆಂದದ ಕಥೆ ಇರುವಾಗ ನುಡಿಗಟ್ಟಿನ ಹುಟ್ಟನ್ನು ಇದಕ್ಕೇ ಕಟ್ಟಿಬಿಡೋಣ ಅನ್ನಿಸುವುದು ಸಹಜ. ಆದರೆ ತಾರೀಖು ಒಪ್ಪುವುದಿಲ್ಲ. ಮನುಷ್ಯನನ್ನು ಬಿಗ್ ಚೀಸ್ ಎಂದು ಕರೆಯುವ ರೂಢಿ ಅಮೆರಿಕದ ಬರಹದಲ್ಲಿ ಕಾಣಿಸಿಕೊಳ್ಳುವುದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಜಾಕ್ಸನ್ನನ ಚೀಸನ್ನು ತಿಂದವರು ಆ ಹೊತ್ತಿಗೆ ಮಣ್ಣಾಗಿದ್ದರು. ಅಲ್ಲದೆ ಜೆಫರ್ಸನ್ನನ ಚೀಸನ್ನು ಜನ ಆಗ ಕರೆದದ್ದು ‘ಮ್ಯಾಮತ್ ಚೀಸ್’ ಅಂತ. ಅದೇ 1801ರಲ್ಲಿ ನೆಲ ಅಗೆದು ತೆಗೆದ ದೈತ್ಯ ಪ್ರಾಣಿಯ ಅಸ್ಥಿಪಂಜರ ಫಿಲಡೆಲ್ಫಿಯಾದಲ್ಲಿ ಪ್ರದರ್ಶನಕ್ಕಿತ್ತು, ಎಲ್ಲರ ಬಾಯಲ್ಲೂ ಮ್ಯಾಮತ್. ನುಡಿಗಟ್ಟಿನ ಮೂಲ ಹುಡುಕುವಾಗ ನಾನು ಪಾಲಿಸುವ ಒಂದೇ ನಿಯಮ ಇದು: ಕಥೆ ಎಷ್ಟು ಚೆನ್ನಾಗಿದೆಯೋ ಅಷ್ಟು ಅನುಮಾನ ಇಟ್ಟುಕೊಳ್ಳಬೇಕು, ಮೊದಲು ಕ್ಯಾಲೆಂಡರ್ ನೋಡಬೇಕು.

ಕ್ಯಾಲೆಂಡರ್ ನೋಡಿದರೆ ನಾವು ಹೋಗಬೇಕಾದ ಊರು ವಾಷಿಂಗ್ಟನ್ ಅಲ್ಲ, ಲಂಡನ್. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲ್ಲಿಯ ಬೀದಿಮಾತಿನಲ್ಲಿ ‘ದಟ್ಸ್ ದ ಚೀಸ್’ ಎಂಬುದು ಓಡಾಡುತ್ತಿತ್ತು. ಅರ್ಥ: ‘ಇದಪ್ಪಾ ಅಸಲಿ ಮಾಲು.’ ಮನುಷ್ಯನ ಬಗ್ಗೆ ಅಲ್ಲ ಎಂಬುದನ್ನು ಗಮನಿಸಿ. ವಸ್ತುವಿನ ಬಗ್ಗೆ. ‘ಬಿಗ್’ ಕೂಡ ಇನ್ನೂ ಸೇರಿಲ್ಲ. 1818ರಲ್ಲಿ, ಲಂಡನ್ನಿಗೆ ಬರುವ ಅಮಾಯಕರು ಮೋಸಹೋಗದಿರಲಿ ಎಂದು ಹೊರಟ ಒಂದು ಕೈಪಿಡಿ ಇದಕ್ಕೆ ವಿವರಣೆಯನ್ನೂ ಕೊಟ್ಟಿತು. ಫ್ರೆಂಚಿನಲ್ಲಿ ‘ಅದು ಬೇರೆಯೇ ವಿಷಯ’ ಅನ್ನಲು ‘ಶೋಜ್’ ಎಂಬ ಪದ ಬರುತ್ತದೆ, ಪೋಲಿ ಹುಡುಗರು ಅದನ್ನು ಬೇಕಂತಲೇ ‘ಅದು ಬೇರೆಯೇ ಚೀಸ್’ ಎಂದು ಅನುವಾದಿಸಿದರು, ಅಲ್ಲಿಂದ ಬಂತು ಎಂದು.

ನಾಲ್ಕು ದಶಕ ಕಳೆದು, 1859ರಲ್ಲಿ ಜಾನ್ ಕ್ಯಾಮ್‌ಡೆನ್ ಹಾಟನ್ ಎಂಬ ಲಂಡನ್ ಪ್ರಕಾಶಕ ಬೀದಿಮಾತಿನದೊಂದು ನಿಘಂಟು ಹೊರತಂದ. ಚೀಸ್ ಎಂಬಲ್ಲಿ ಅವನು ಸಿಕ್ಕಿದ್ದೆಲ್ಲವನ್ನೂ ಸುರಿದಿದ್ದಾನೆ. ‘ಆರಿಸು’ ಎಂಬರ್ಥದ ಹಳೆಯ ಸ್ಯಾಕ್ಸನ್ ಪದ ಎಂದು ಒಬ್ಬರು, ಮೇಲೆ ಹೇಳಿದ ಫ್ರೆಂಚ್ ತಮಾಷೆ ಎಂದು ಇನ್ನೊಬ್ಬರು, ಕೊನೆಯಲ್ಲಿ ಜಿಪ್ಸಿಗಳ ಮಾತಿನಲ್ಲೂ ಹಿಂದೂಸ್ಥಾನಿಯಲ್ಲೂ ಇದೆ, ಪರ್ಶಿಯನ್ನಿನಲ್ಲಿ ‘ಚೀಜ್’ ಎಂದರೆ ವಸ್ತು ಎಂದು ಒಂದು ಸಾಲು. ನನಗೆ ಆ ನಿಘಂಟಿನಲ್ಲಿ ಇಷ್ಟವಾಗುವುದು ಇನ್ನೊಂದು ಪದ, ‘ಸ್ಟಿಲ್ಟನ್’. ಅದು ಇಂಗ್ಲೆಂಡಿನ ಹೆಸರಾಂತ ಚೀಸಿನ ಹೆಸರು. ‘ಇದು ಚೀಸ್ ಅಲ್ಲ’ ಅನ್ನುವುದು ತೀರ ಬೀದಿಮಾತು ಅನ್ನಿಸಿದ ನಾಜೂಕಿನವರು ‘ಇದು ಸ್ಟಿಲ್ಟನ್ ಅಲ್ಲ’ ಅನ್ನುತ್ತಿದ್ದರಂತೆ. ಅಲ್ಲಿಗೆ ಏನಾಯಿತು ನೋಡಿ. ಹೊರಗಿನಿಂದ ಬಂದ ಒಂದು ಸದ್ದು ಇಂಗ್ಲಿಷರ ಕಿವಿಯಲ್ಲಿ ಅವರದೇ ತಿಂಡಿಯಾಗಿ ಕೂತು, ತಿಂಡಿಯ ಬೇರೆ ಬೇರೆ ರುಚಿಗಳೂ ಹುಟ್ಟತೊಡಗಿದವು. ಹೊರಗಿನಿಂದ ಬಂದ ಮಾತಿಗೆ ಮನೆಯ ಅರ್ಥ ಹಚ್ಚಿಕೊಳ್ಳುವುದರಲ್ಲಿ ಯಾವ ಭಾಷೆಯೂ ಹಿಂದೆ ಬಿದ್ದಿಲ್ಲ.

ಈಗ ನಿಮ್ಮ ಎರಡನೇ ಸಹೋದ್ಯೋಗಿಯ ಪರ ವಾದಿಸುವ ಸಾಕ್ಷಿ. 1886ರಲ್ಲಿ ಲಂಡನ್ನಿನಲ್ಲಿ ‘ಹಾಬ್ಸನ್-ಜಾಬ್ಸನ್’ ಎಂಬ ವಿಚಿತ್ರ ಹೆಸರಿನ ಕೋಶ ಪ್ರಕಟವಾಯಿತು. ಭಾರತದಲ್ಲಿದ್ದ ಇಂಗ್ಲಿಷರ ಬಾಯಿಗೆ ಹತ್ತಿದ ಇಲ್ಲಿಯ ಮಾತುಗಳ ಸಂಗ್ರಹ ಅದು. ಮೊಹರಮ್ಮಿನಲ್ಲಿ ಎದೆ ಬಡಿದುಕೊಂಡು ‘ಯಾ ಹಸನ್, ಯಾ ಹುಸೇನ್’ ಎಂದು ಕೂಗುವುದು ಗೋರಾ ಸಿಪಾಯಿಗಳ ಕಿವಿಗೆ ಹಾಬ್ಸನ್-ಜಾಬ್ಸನ್ ಎಂದು ಕೇಳಿತು, ಅದೇ ಪುಸ್ತಕದ ಹೆಸರಾಯಿತು. ಬರೆದವರು ಇಬ್ಬರು, ಕರ್ನಲ್ ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಎರಡನೇ ಹೆಸರು ನಮ್ಮ ಕರಾವಳಿಯವರಿಗೆ ಗೊತ್ತಿರಬೇಕು. ಮದ್ರಾಸ್ ಸಿವಿಲ್ ಸರ್ವಿಸಿನ ಆರ್ಥರ್ ಕೋಕ್ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವನು ಬರೆದ ಪ್ರಸಿದ್ಧ ಪುಸ್ತಕ 1874ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಇಪ್ಪತ್ತು ವರ್ಷಗಳ ಬಳಿಕ ಕಿಟ್ಟೆಲ್ಲರ ಕನ್ನಡ ನಿಘಂಟು ಹೊರಬಂದದ್ದೂ ಅದೇ ಮಿಷನ್ನಿನಿಂದ. ತುಳುನಾಡಿನ ಭೂತಗಳ ಪಾಡ್ದನ ಎಂಬ ಹಾಡುಕಥೆಗಳನ್ನೂ ಬರ್ನೆಲ್ ಕೂಡಿಹಾಕಿದ್ದ. ಅವು ಅವನು ಸತ್ತ ಮೇಲೆ ಪ್ರಕಟವಾದವು. ಯೂಲ್ ಇಟಲಿಯ ಪಲೆರ್ಮೊದಲ್ಲಿ ಕೂತು, ಬರ್ನೆಲ್ ಇಲ್ಲಿಂದ ಕಾಗದ ಬರೆದು, ಹಾಗೆ ಪತ್ರವ್ಯವಹಾರದಲ್ಲೇ ಶುರುವಾದ ಕೋಶ ಹಾಬ್ಸನ್-ಜಾಬ್ಸನ್. 1882ರಲ್ಲಿ, ನಲವತ್ತೆರಡನೇ ವಯಸ್ಸಿಗೇ ತೀರಿಕೊಂಡ ಬರ್ನೆಲ್ ಅದರ ಮುದ್ರಿತ ಪ್ರತಿಯನ್ನು ನೋಡಲಿಲ್ಲ.

ಆ ಕೋಶದಲ್ಲಿ ಚೀಸ್ ಎಂಬುದಕ್ಕೊಂದು ನಮೂದಿದೆ. ಇಂಗ್ಲಿಷ್ ಬೀದಿಮಾತಿನ ಚೀಸಿಗೆ ಹೆಚ್ಚು ಸಂಭಾವ್ಯ ಮೂಲ ಪರ್ಶಿಯನ್, ಹಿಂದೂಸ್ಥಾನಿಯ ‘ಚೀಜ್’ ಎಂದು ಹೇಳಿ, ಇಲ್ಲಿಯ ಇಂಗ್ಲಿಷರು ದಿನಬಳಕೆಯಲ್ಲಿ ಆಡುತ್ತಿದ್ದ ಎರಡು ವಾಕ್ಯ ಕೊಡುತ್ತದೆ. ‘ನನ್ನ ಹೊಸ ಅರಬ್ಬಿ ಕುದುರೆ ರಿಯಲ್ ಚೀಜ್.’ ‘ಈ ಚಿರೂಟುಗಳು ರಿಯಲ್ ಚೀಜ್.’ ಎರಡನೆಯದನ್ನು ಇನ್ನೊಮ್ಮೆ ಓದಿ. ಚಿರೂಟು ಎಂಬುದು ತಮಿಳಿನ ಸುರುಟ್ಟು. ಎಲೆ ಸುರುಟಿ ಮಾಡಿದ್ದು. ಮೆಣಸಿನ ಗಿಡದ ಎಲೆ ‘ಸುರುಟಿಕೊಂಡಿದೆ’ ಎಂದು ನಮ್ಮ ರೈತರು ಹೇಳುತ್ತಾರಲ್ಲ, ಅದೇ ಬೇರು. ಚೀಜ್ ಪರ್ಶಿಯನ್. ಇಷ್ಟು ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಇಂಗ್ಲಿಷಿನದು ಅಂತ ಉಳಿದದ್ದು ಚಿಲ್ಲರೆ ಪದಗಳು ಮಾತ್ರ. ದಂಡಿನ ಬಂಗಲೆಯ ಜಗಲಿಯಲ್ಲಿ ಕಾಲು ಚಾಚಿ ಕೂತು ಚುಟ್ಟಾ ಸೇದುತ್ತ ಹೀಗೆ ಮಾತಾಡುತ್ತಿದ್ದವರು ರಜೆಯಲ್ಲೋ ಪಿಂಚಣಿಯಲ್ಲೋ ಲಂಡನ್ನಿಗೆ ಮರಳಿದಾಗ ನಾಲಿಗೆಯನ್ನು ಇಲ್ಲೇ ಬಿಟ್ಟು ಹೋಗಲಿಲ್ಲ. ಚೀಜ್ ಎಂಬ ಸದ್ದು ಅಲ್ಲಿಯ ಕಿವಿಗೆ ಚೀಸ್ ಆಯಿತು.

ಯೂಲ್ ಮತ್ತು ಬರ್ನೆಲ್ ಬಳಸಿದ ‘ಹೆಚ್ಚು ಸಂಭಾವ್ಯ’ ಎಂಬ ಎಚ್ಚರವನ್ನು ನಾವೂ ಉಳಿಸಿಕೊಳ್ಳಬೇಕು. ಲಂಡನ್ನಿನ ಆ 1818ರ ಕೈಪಿಡಿ ಫ್ರೆಂಚ್ ಕಥೆಯನ್ನು ನಂಬಿತ್ತು ಎಂಬುದನ್ನು ಮರೆಯುವ ಹಾಗಿಲ್ಲ. ಆದರೆ ಇವತ್ತಿನ ದೊಡ್ಡ ಇಂಗ್ಲಿಷ್ ನಿಘಂಟುಗಳು ವಾಲಿರುವುದು ಚೀಜ್ ಕಡೆಗೆ. ನಾನೂ ಅತ್ತಲೇ ವಾಲುತ್ತೇನೆ, ಅದಕ್ಕೆ ನನ್ನದೇ ಕಾರಣ ಇದೆ.

ಈ ವಾದಕ್ಕೆ ಬೀಳುವ ದೊಡ್ಡ ಪೆಟ್ಟು ಯಾವುದು? ಚೀಜ್ ಅಂದರೆ ವಸ್ತು. ವಸ್ತು ಹೋಗಿ ಗಣ್ಯ ವ್ಯಕ್ತಿ ಆದದ್ದು ಹೇಗೆ? ಇಂಗ್ಲಿಷಿನಲ್ಲಿ ಮಾತ್ರ ಹುಡುಕುವವರಿಗೆ ಇದು ಹಳ್ಳ ದಾಟಿದಷ್ಟು ದೂರ. ಆದರೆ ಉರ್ದು ಬಲ್ಲವರನ್ನು ಕೇಳಿ. ಮುಶಾಯಿರಾದಲ್ಲಿ ಕವಿ ವೇದಿಕೆಗೆ ಬಂದು ತಲೆಬಾಗಿ ತನ್ನನ್ನು ಏನೆಂದುಕೊಳ್ಳುತ್ತಾನೆ? ‘ನಾಚೀಜ್’. ಚೀಜೇ ಅಲ್ಲದವನು, ಲೆಕ್ಕಕ್ಕಿಲ್ಲದವನು. ಆ ಭಾಷೆಯಲ್ಲಿ ಮನುಷ್ಯನ ತೂಕವನ್ನು ಚೀಜಿನಿಂದ ಅಳೆಯುವುದು ಮೊದಲಿಂದಲೂ ಇದೆ. ‘ಅವನು ಏನು ಚೀಜ್ ಅಂತ ನಿನಗೆ ಗೊತ್ತಿಲ್ಲ’ ಅನ್ನುವುದು ಹಿಂದಿ, ದಖನಿ ಆಡುವವರ ನಿತ್ಯದ ಮಾತು. ಕಲಬುರಗಿಯ ಬಜಾರಿನಲ್ಲೋ ಬೆಂಗಳೂರಿನ ಶಿವಾಜಿನಗರದಲ್ಲೋ ಒಂದು ಸುತ್ತು ಹಾಕಿದರೆ ಕಿವಿಗೆ ಬೀಳುತ್ತದೆ. ಚೀಜ್ ಅಲ್ಲದವನು ನಾಚೀಜ್ ಆದರೆ, ಚೀಜ್ ಆದವನು ದೊಡ್ಡ ಮನುಷ್ಯ. ನಡುವೆ ಹಳ್ಳವೇ ಇಲ್ಲ.

ಕನ್ನಡದಲ್ಲೂ ಅಷ್ಟೇ. ಅಂಗಡಿಗೆ ಬರುವವನು ಗಿರಾಕಿ; ‘ಅವನು ಭಾರಿ ಗಿರಾಕಿ ಬಿಡಿ’ ಅಂದಾಗ ಅವನು ಏನನ್ನೂ ಕೊಳ್ಳುತ್ತಿರುವುದಿಲ್ಲ. ಜಮೀನು ಮಾರಾಟದ ಮಧ್ಯವರ್ತಿಗೆ ಹಣವಂತ ಸಿಕ್ಕರೆ ‘ದೊಡ್ಡ ಪಾರ್ಟಿ’. ಕಾಲೇಜಿನ ಹುಡುಗರಿಗೆ ವಿಚಿತ್ರ ಸ್ವಭಾವದವನು ‘ಒಂದು ಪೀಸು’. ಇಟಲಿಯವರೂ ಪ್ರಭಾವಿ ವ್ಯಕ್ತಿಯನ್ನು ಕರೆಯುವುದು ‘ಪೆಟ್ಸೊ ಗ್ರೊಸ್ಸೊ’ ಅಂತ, ಅಂದರೆ ದೊಡ್ಡ ಪೀಸು. ಬೆಂಗಳೂರಿನ ಬಸ್ಸಿನಲ್ಲಿ ಜಗಳ ಹತ್ತಿದಾಗ ‘ನೀನೇನು ದೊಡ್ಡ ತೋಪಾ?’ ಅನ್ನುತ್ತಾರಲ್ಲ, ಆ ತೋಪು ಫಿರಂಗಿ. ಇಂಗ್ಲಿಷಿನವರು ‘ಬಿಗ್ ಗನ್’ ಅನ್ನುವುದೂ ಫಿರಂಗಿಯೇ. ಯಾರೂ ಯಾರಿಂದಲೂ ಕದಿಯಬೇಕಿಲ್ಲ. ಎದುರಿಗೆ ನಿಂತವನು ಸಿಡಿಯಬಹುದು ಎಂಬ ಭಯ ಎಲ್ಲ ಊರಿನಲ್ಲೂ ಒಂದೇ.

ಇನ್ನು ‘ಬಿಗ್’ ಸೇರಿದ್ದು ಅಮೆರಿಕದಲ್ಲಿ. ಅಲ್ಲಿ ದೊಡ್ಡವರನ್ನು ಬಿಗ್ ಬಗ್, ಬಿಗ್ ಗನ್, ಬಿಗ್ ಫಿಶ್ ಎನ್ನುವ ಸಾಲು ಮೊದಲೇ ಇತ್ತು, ಮುಂದೆ ಬಿಗ್ ಶಾಟ್ ಕೂಡ ಬಂತು. ಲಂಡನ್ನಿನಿಂದ ಹಡಗು ಹತ್ತಿ ಬಂದ ಚೀಸ್ ಆ ಸಾಲಿನಲ್ಲಿ ನಿಂತುಕೊಂಡಿತು, ಅಷ್ಟೇ. ಆ ಹೊತ್ತಿಗೆ ಅದಕ್ಕೆ ಪರ್ಶಿಯಾದ ನೆನಪಿರಲಿಲ್ಲ, ಕುದುರೆ, ಚುಟ್ಟಾಗಳ ನೆನಪೂ ಇರಲಿಲ್ಲ. ತಿಂಡಿ ತಿನಿಸಿನ ಹೋಲಿಕೆಗಳ ರುಚಿ ಮಾತ್ರ ಅಮೆರಿಕನ್ನರಿಗೆ ಹಿಡಿಸಿತು. ವಾಟರ್‌ಗೇಟ್ ಹಗರಣದ ಕಾಲದ ಧ್ವನಿಮುದ್ರಣಗಳಲ್ಲಿ ಅಧ್ಯಕ್ಷ ನಿಕ್ಸನ್ನನ ಆಪ್ತ ಜಾನ್ ಎರ್ಲಿಕ್‌ಮನ್, ಮಾಜಿ ಅಟಾರ್ನಿ ಜನರಲ್ ಜಾನ್ ಮಿಚೆಲ್‌ನನ್ನು ‘ಬಿಗ್ ಎಂಚಿಲಾಡ’ ಎಂದು ಕರೆಯುತ್ತಾನೆ. ಅದು ಮೆಕ್ಸಿಕೊದ ರೊಟ್ಟಿ; ಮೆಕ್ಕೆಜೋಳದ ರೊಟ್ಟಿಯಲ್ಲಿ ಹೂರಣ ಸುತ್ತಿ, ಮೇಲೆ ಖಾರದ ಸಾರು ಸುರಿದದ್ದು. ಫ್ರೆಂಚರಿಗೆ ದೊಡ್ಡ ಮನುಷ್ಯ ‘ಗ್ರೋಸ್ ಲೆಗ್ಯೂಮ್’, ದೊಡ್ಡ ತರಕಾರಿ. ನಾವು ‘ಕುಂಬಳಕಾಯಿ ಕಳ್ಳ’ನಲ್ಲೇ ನಿಂತೆವು, ಕುಂಬಳಕಾಯಿಯನ್ನು ಮಂತ್ರಿ ಮಾಡಲಿಲ್ಲ.

ಇಲ್ಲಿ ನನಗೆ ಬಹಳ ದಿನದಿಂದ ಕುತೂಹಲ ಹುಟ್ಟಿಸಿರುವ ಇನ್ನೊಂದು ವಿಷಯ ಇದೆ. ಇಂಗ್ಲಿಷಿನವರಿಗೆ ತಮ್ಮ ದೊಡ್ಡವರನ್ನು ಕೆಣಕಲು ಪರದೇಶದ ಪದವೇ ಬೇಕು. ಸಿನಿಮಾ ನಿರ್ಮಾಪಕ ‘ಮೊಗಲ್’, ಅಂದರೆ ಮೊಗಲ. ಪ್ಲಾಸಿ ಯುದ್ಧದ ಬಳಿಕ ಬಂಗಾಳವನ್ನು ಬಳಿದುಕೊಂಡು ಮರಳಿ, ಇಂಗ್ಲೆಂಡಿನಲ್ಲಿ ಬಂಗಲೆಯನ್ನೂ ಪಾರ್ಲಿಮೆಂಟಿನ ಸೀಟನ್ನೂ ಕೊಂಡ ಕಂಪನಿ ನೌಕರ ‘ನಬೊಬ್’, ಅಂದರೆ ನವಾಬ. ಉದ್ಯಮಿ ‘ಟೈಕೂನ್’: ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್‌ನನ್ನು ವಿದೇಶಿಯರಿಗೆ ಪರಿಚಯಿಸಲು ಬಳಸುತ್ತಿದ್ದ ಬಿರುದು ಅದು, ಲಿಂಕನ್ನನ ಕಾರ್ಯದರ್ಶಿಗಳು ಬೆನ್ನ ಹಿಂದೆ ಅವನನ್ನು ಕರೆಯುತ್ತಿದ್ದದ್ದೂ ಟೈಕೂನ್ ಎಂದೇ. ‘ಹೊಂಚೊ’ ಕೂಡ ಜಪಾನಿನದು, ಒಂದು ತುಕಡಿಯ ನಾಯಕ ಎಂಬರ್ಥದ ಹಾಂಚೊ. ಕಳೆದ ಶತಮಾನದ ನಡುವೆ ಅಮೆರಿಕನ್ ಸೈನಿಕರು ಹೊತ್ತು ತಂದರು. ಎಲ್ಲಕ್ಕಿಂತ ಮಜಾ ‘ಹೈ ಮಕಮಕ್’. ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಮೂಲನಿವಾಸಿಗಳೂ ವ್ಯಾಪಾರಿಗಳೂ ಆಡುತ್ತಿದ್ದ ಚಿನೂಕ್ ಎಂಬ ಸಂತೆಭಾಷೆಯಲ್ಲಿ ಅದರ ಮೂಲ ರೂಪಕ್ಕೆ ‘ಬೇಕಾದಷ್ಟು ಊಟ’ ಎಂದರ್ಥ. ಊಟ ಹೋಗಿ ಯಜಮಾನ ಬಂದ. ‘ಹೈ’ ಎಂಬುದು ಇಂಗ್ಲಿಷರ ಕಿವಿಗೆ ‘ಎತ್ತರದ’ ಎಂದು ಕೇಳಿದ್ದೇ ಕಾರಣ. ಮತ್ತೆ ಅದೇ ಆಟ: ಪರರ ಸದ್ದು, ಸ್ವಂತ ಅರ್ಥ.

ಮನೆಯ ಸರಕಿನಿಂದಲೇ ಹುಟ್ಟಿದ್ದು ‘ಬಿಗ್‌ವಿಗ್’. ವಿಗ್ ಅಂದರೆ ಟೋಪನ್ನು, ಕೃತಕ ಕೂದಲು. ಈ ಪದದ ಕಥೆ ಮಾತ್ರ ಹೇಳಿದಷ್ಟೂ ನಿಜ. ಫ್ರಾನ್ಸಿನ ದೊರೆಗಳ ಬೋಳುತಲೆಯಿಂದ ಹಬ್ಬಿದ ಟೋಪನ್ನಿನ ಷೋಕಿ 1660ರ ನಂತರ ಇಂಗ್ಲೆಂಡಿಗೂ ಬಂತು, ಟೋಪನ್ನು ದೊಡ್ಡದಾದಷ್ಟೂ ಮನುಷ್ಯ ದೊಡ್ಡವನಾದ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ, 1665ರ ಪ್ಲೇಗಿನ ಹೊತ್ತಿನಲ್ಲಿ, ಹೊಸ ಟೋಪನ್ನು ಹಾಕಿಕೊಳ್ಳಲು ಧೈರ್ಯ ಬಂದಿರಲಿಲ್ಲ ಎಂದು ಬರೆಯುತ್ತಾನೆ. ಕೂದಲು ಪ್ಲೇಗಿನಲ್ಲಿ ಸತ್ತವರ ತಲೆಯಿಂದ ಕತ್ತರಿಸಿದ್ದಾಗಿದ್ದರೆ? 1795ರಲ್ಲಿ ಸರ್ಕಾರ ಟೋಪನ್ನಿನ ಪೌಡರಿಗೆ ವರ್ಷಕ್ಕೊಂದು ಗಿನಿ ಎಂಬ ಚಿನ್ನದ ನಾಣ್ಯದಷ್ಟು ತೆರಿಗೆ ಹಾಕಿತು, ಷೋಕಿ ಇಳಿಯಿತು, ಪದ ಉಳಿಯಿತು.

ಈಗ ನಿಮ್ಮ ಕೊನೆಯ ಪ್ರಶ್ನೆ, ಕನ್ನಡದಲ್ಲಿ ಏನನ್ನಬೇಕು. ‘ಗಣ್ಯ ವ್ಯಕ್ತಿ’ ಎಂದು ಬರೆಯಬೇಡಿ, ದಮ್ಮಯ್ಯ. ಅದು ಆಮಂತ್ರಣ ಪತ್ರಿಕೆಯ ಮಾತು. ಅದರಲ್ಲಿ ಶಾಲು ಇದೆ, ಹಾರ ಇದೆ, ನಗು ಇಲ್ಲ. ‘ಘಟಾನುಘಟಿ’ ಅಂದರೆ ಒಬ್ಬರೇ ಸಾಲದು, ಹಿಂಡೇ ಬೇಕು. ಅದು ಚುನಾವಣೆಯ ಸುದ್ದಿಗೆ ಸರಿ. ‘ತಿಮಿಂಗಿಲ’ ಅಂದರೆ ಲೋಕಾಯುಕ್ತ ದಾಳಿಯ ವಾಸನೆ ಬರುತ್ತದೆ.

ಬಿಗ್ ಚೀಸಿಗೆ ತೂಕ, ತುಂಟತನ ಎರಡರಲ್ಲೂ ಹತ್ತಿರ ಬರುವುದು ‘ದೊಡ್ಡ ಕುಳ’ ಅಥವಾ ‘ಭಾರಿ ಕುಳ’. ಇದರ ಹುಟ್ಟೂ ಚೀಜಿನಷ್ಟೇ ಚೆನ್ನಾಗಿದೆ. ಹಳೆಯ ಕಂದಾಯದ ಭಾಷೆಯಲ್ಲಿ ಕುಳ ಎಂದರೆ ಸರ್ಕಾರಕ್ಕೆ ಕಂದಾಯ ಕಟ್ಟುವ ಒಕ್ಕಲು. ಶಾನುಭೋಗರ ಕಡತದಲ್ಲಿ ಯಾರ ಹೆಸರಿನ ಎದುರಿಗೆ ದೊಡ್ಡ ಮೊತ್ತ ಇರುತ್ತಿತ್ತೋ ಅವನು ದೊಡ್ಡ ಕುಳ. ಲೆಕ್ಕಪತ್ರ ವಿಭಾಗದ ನಿಮಗೆ ಇದು ಇಷ್ಟವಾಗಬೇಕು. ‘ಭಾರಿ ಆಸಾಮಿ’ ಅನ್ನುವುದೂ ಅದೇ ಕಡತದಿಂದ ಎದ್ದು ಬಂದದ್ದೇ. ಅರಬ್ಬಿಯಲ್ಲಿ ‘ಇಸ್ಮ್’ ಎಂದರೆ ಹೆಸರು, ‘ಅಸಾಮಿ’ ಅದರ ಬಹುವಚನ. ಕಂದಾಯದ ಪಟ್ಟಿಯಲ್ಲಿ ಹೆಸರಿದ್ದವನು ಆಸಾಮಿಯಾದ, ಆಮೇಲೆ ಪಟ್ಟಿ ಹೋಗಿ ಆಸಾಮಿ ಉಳಿದ. ನಮ್ಮ ಪೊಲೀಸ್ ಠಾಣೆಯ ವರದಿಗಳಲ್ಲಿ ಇಂದಿಗೂ ‘ಒಬ್ಬ ಅಪರಿಚಿತ ಇಸಮು’ ಓಡಿಹೋಗುತ್ತಿರುತ್ತಾನೆ ನೋಡಿ, ಅವನು ಈ ಆಸಾಮಿಯ ಖಾಸಾ ತಮ್ಮ. ಹೆಸರು ಗೊತ್ತಿಲ್ಲದವನನ್ನು ‘ಹೆಸರು’ ಎಂದೇ ಕರೆಯುವ ಧೈರ್ಯ ಪೊಲೀಸ್ ಕನ್ನಡಕ್ಕೆ ಮಾತ್ರ ಇದೆ.

ಕಥೆ, ಕಾದಂಬರಿ ಅನುವಾದ ಮಾಡುವವರಿಗೆ ಒಂದು ಮಾತು ಸೇರಿಸುತ್ತೇನೆ. ಯಾರು ಯಾರ ಬಗ್ಗೆ ಆಡುತ್ತಿದ್ದಾರೆ ಎಂದು ನೋಡಿ ಪದ ಆರಿಸಿ. ನ್ಯೂಯಾರ್ಕಿನ ಪೋಲಿಯೊಬ್ಬ ತನ್ನ ಗುಂಪಿನ ನಾಯಕನ ಬಗ್ಗೆ ಹೇಳುವಾಗ ‘ಭಾರಿ ಕುಳ’ ಹೊಂದದು, ಅಲ್ಲಿ ‘ಬಾಸು’ ಎಂದೇ ಬಿಡಿ. ಆ ಪದಕ್ಕೀಗ ಕನ್ನಡದಲ್ಲಿ ಮೀಸೆ ಬಂದಿದೆ. ಹಳೆಯ ಜಮೀನ್ದಾರನ ಬಗ್ಗೆ ಆಳು ಹೇಳುವುದಾದರೆ ಕರಾವಳಿಯಲ್ಲಿ ‘ಧಣಿಗಳು’, ಬಯಲುಸೀಮೆಯಲ್ಲಿ ‘ಸಾವ್ಕಾರ್ರು’. ಮೈಸೂರು ಕಡೆಯ ಗುಮಾಸ್ತನೊಬ್ಬ ದನಿ ತಗ್ಗಿಸಿ, ಕಣ್ಣಿನಲ್ಲೇ ಮೇಲಿನ ಮಹಡಿ ತೋರಿಸುತ್ತ ‘ದೊಡ್ಡೋರು’ ಎಂದರೆ ಬಿಗ್ ಚೀಸಿನ ಅಷ್ಟೂ ಅರ್ಥ ಅದರಲ್ಲಿ ಬಂದುಬಿಡುತ್ತದೆ, ಹೆಸರು ಹೇಳುವ ಅಪಾಯವೂ ಇಲ್ಲ.

ಗುರುವಾರದ ಮೀಟಿಂಗಿನಲ್ಲಿ ಮಾತ್ರ ಯಾವುದನ್ನೂ ಬಳಸಬೇಡಿ. ಮುಖ್ಯಸ್ಥರನ್ನು ಅವರ ಹೆಸರಿನಿಂದಲೇ ಮಾತಾಡಿಸಿ. ಪಿಜ್ಜಾ ಬೇಕಿದ್ದರೆ ಮ್ಯಾನೇಜರನ್ನು ಬೇರೆಯಾಗಿ ಕೇಳಿ.